ನಾಲ್ಕನೆಯ ಈಶ್ವರಯ್ಯ

"ಬಂದ್ ಮಾಡ್ರೋ ಅದನ್ನ! ಮೂರನೇ ಇಂಜೆಕ್ಟರ್ ಹೋಗೇತಿ, ಕಿವಿ ಕೇಳ್ಸಂಗಿಲ್ಲೇನ್?"

ಲಾರಿಯ ಅಡಿಯಿಂದ ಆ ದನಿ ಗುಡುಗಿದ್ದೇ ತಡ, ರಮಾಕಾಂತ ಬಾಯಿ ಮುಚ್ಚಿದ. ಇಂಜಿನ್ನೂ ನಿಂತಿತು. ಯಾಕೆಂದರೆ ಇಂಜಿನ್ ಇದ್ದದ್ದು ಅವನ ಬಾಯಿಯಲ್ಲೇ.

ವಿಜಯವಾಡದ ಆಟೋನಗರದ ಆ ಶೆಡ್ಡಿನ ಮುಂದೆ ಅವನೂ ಮೃಣಾಲಿನಿಯೂ ಮುಕ್ಕಾಲು ಗಂಟೆಯಿಂದ ನಿಂತು "ಈಶ್ವರಯ್ಯಗಾರೂ, ಈಶ್ವರಯ್ಯಗಾರೂ" ಎಂದು ಕರೆದಿದ್ದರು. ಲಾರಿಯಿಂದ ಹೊರಚಾಚಿದ್ದ ಎರಡು ಪಾದಗಳು ಮಾತ್ರ ಕೇಳಿಸಿಕೊಂಡಿದ್ದವು. ಪಾದಗಳಿಗೆ ಬಾಯಿಲ್ಲ. ಕೊನೆಗೆ ರಮಾಕಾಂತ, ಕೆಟ್ಟುಹೋದ ಡೀಸೆಲ್ ಇಂಜಿನ್ನಿನ ಹಾಗೆ ಗುಡುಗುಡು ಕೆಮ್ಮತೊಡಗಿದ್ದ. ಈಗ ಪಾದಗಳ ಹಿಂದೆಯೇ ಹೊಟ್ಟೆ, ಹೊಟ್ಟೆಯ ಹಿಂದೆ ಮೀಸೆ, ಮೀಸೆಯ ಹಿಂದೆ ಇಡೀ ಮನುಷ್ಯ ಹೊರಬಂದ.

"ಎಲ್ಲೈತಿ ಗಾಡಿ?"

"ಗಾಡಿ ಇಲ್ರೀ. ನಾನ ಅದು."

ಮನುಷ್ಯ ರಮಾಕಾಂತನನ್ನು ಮೇಲಿನಿಂದ ಕೆಳಗೆ ನೋಡಿದ. ಟಾರ್ಚ್ ತೆಗೆದ. "ಬಾಯಿ ತಗಿ."

ರಮಾಕಾಂತ ತೆಗೆದ.

"ನೋಡು, ಬಲಗಡೆ ಹಿಂದಿಂದ ಮೂರನೇ ಹಲ್ಲ ಇಲ್ಲ. ಗಾಳಿ ಅಲ್ಲೇ ಸೋರಾಕತ್ತೇತಿ. ನಾ ಹೇಳಿದ್ದ ಖರೇ ಆತಿಲ್ಲೋ?"

ಪಕ್ಕದಲ್ಲಿ ನಿಂತಿದ್ದ ಮೃಣಾಲಿನಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ಐದು ದಿನದಲ್ಲಿ ಅವಳು ನಕ್ಕದ್ದು ಇದೇ ಮೊದಲು.

ನಗು ಬಾರದೆ ಇದ್ದದ್ದಕ್ಕೆ ಕಾರಣವಿತ್ತು. ನಾಳೆ, ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ವಿಶಾಖಪಟ್ಟಣದಲ್ಲಿ ಅವಳಿಗೂ ಕಣ್ಣಿನ ಡಾಕ್ಟರ್ ಗುಡಿಮೆಟ್ಲ ಈಶ್ವರಯ್ಯನಿಗೂ ತಾಂಬೂಲ. ಸೋಮವಾರ ಅವಳಿಗೆ ಸಹಿಯಿಲ್ಲದ ಒಂದು ಪತ್ರ ಬಂದಿತ್ತು. ಟೈಪ್ ಮಾಡಿದ ಇಂಗ್ಲಿಷಿನಲ್ಲಿ ಎರಡೇ ವಾಕ್ಯ: ಗುಡಿಮೆಟ್ಲ ಈಶ್ವರಯ್ಯ ಎಂದರೆ ಯಾರು ಎಂದು ವಿಜಯವಾಡದಲ್ಲಿ ವಿಚಾರಿಸಿ. ವಿಚಾರಿಸದೆ ತಾಂಬೂಲ ಬದಲಿಸಬೇಡಿ.

ವಿಶಾಖಪಟ್ಟಣದ ಬ್ಯಾಂಕಿನಲ್ಲಿ ಅವಳು ಆಫೀಸರು, ರಮಾಕಾಂತ ಗುಮಾಸ್ತ. ಧಾರವಾಡದಲ್ಲಿದ್ದಾಗ ಹಿರಿಯ ಸಾಹೇಬರ ಕೆಮ್ಮನ್ನು ಸಾಹೇಬರ ಎದುರಿಗೇ ಕೆಮ್ಮಿ ತೋರಿಸಿ, ಬಹುಮಾನವಾಗಿ ಬಂಗಾಳ ಕೊಲ್ಲಿಯ ದಡಕ್ಕೆ ವರ್ಗವಾಗಿ ಬಂದವನು. ಅವನಿಗೆ ಪತ್ತೇದಾರಿಕೆಯೆಂದರೆ ರಜಾದಿನದ ಹಸಿವು. ಶುಕ್ರವಾರ ರಜೆ ಬರೆದು ಇಬ್ಬರೂ ವಿಜಯವಾಡಕ್ಕೆ ಬಂದಿದ್ದರು. ರಾತ್ರಿ ಅವಳು ಸಹೋದ್ಯೋಗಿ ಕಮಲಾಕ್ಷಿಯ ತವರಿನಲ್ಲಿ, ಅವನು ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ.

ಊರಲ್ಲಿ ಯಾರನ್ನು ಕೇಳಿದರೂ ಒಂದೇ ಮರುಪ್ರಶ್ನೆ: "ಯಾವ ಗುಡಿಮೆಟ್ಲ ಈಶ್ವರಯ್ಯ?"

ಸತ್ಯನಾರಾಯಣಪುರದಲ್ಲಿದ್ದವರು ಹರಿಕಥೆಯ ಈಶ್ವರಯ್ಯ. ಜಿಲ್ಲೆಜಿಲ್ಲೆಯಲ್ಲೂ ಹೆಸರು, ಕಾಲಿಗೆ ಗೆಜ್ಜೆ, ಕೈಗೆ ತಾಳದ ಚಿಟಿಕೆ. "ನಿಮಗೆ ವಿಶಾಖಪಟ್ಟಣದಲ್ಲಿ ತಮ್ಮ ಇದ್ದಾರೆಯೇ?" ಎಂದು ಕೇಳಿದ್ದಕ್ಕೆ ದ್ರೌಪದಿಯ ಸ್ವಯಂವರದಿಂದ ಶುರುಮಾಡಿ, ಎರಡು ಗಂಟೆಯಾದರೂ ಅರ್ಜುನ ಬಿಲ್ಲು ಎತ್ತಿರಲಿಲ್ಲ. ಗಾಂಧಿನಗರದವರು ಮ್ಯಾಜಿಕ್ ಈಶ್ವರಯ್ಯ. ಆಂಧ್ರದ ಪೇಟೆಪೇಟೆಯಲ್ಲೂ ಆತನ ಪೋಸ್ಟರು. ಆ ಅನಾಮಿಕ ಪತ್ರವನ್ನು ಕೈಗೆ ಕೊಟ್ಟರೆ ಮಾಯ ಮಾಡಿ ರಮಾಕಾಂತನ ಕಿವಿಯಿಂದ ತೆಗೆದುಕೊಟ್ಟರೇ ಹೊರತು ಉತ್ತರ ಕೊಡಲಿಲ್ಲ.

ಉಳಿದವರು ಈ ಮೂರನೆಯವರು, ಇಂಜಿನ್ ಈಶ್ವರಯ್ಯ. ಶ್ರೀಕಾಕುಳಂನಿಂದ ನೆಲ್ಲೂರಿನವರೆಗೆ ಲಾರಿ ಡ್ರೈವರುಗಳು ಈ ಹೆಸರು ಹೇಳಿ ಕೈ ಮುಗಿಯುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ, ವೈದ್ಯರು ನಾಡಿ ನೋಡುವ ಹಾಗೆ ರೋಗ ಹೇಳುವವರು.

"ಕನ್ನಡ ಎಲ್ಲಿ ಕಲಿತ್ರೀ ಸಾಹುಕಾರ್ರ?" ಎಂದು ರಮಾಕಾಂತ ಕೇಳಿದ.

"ಹುಬ್ಬಳ್ಳಿ. ಎಂಟು ವರ್ಷ ಗ್ಯಾರೇಜಿನಾಗ ಇದ್ದೆ. ಬೈಗುಳ ಮೊದಲು ಕಲಿತೆ, ಭಾಷೆ ಆಮ್ಯಾಲೆ ಬಂತು. ಇವತ್ತಿಗೂ ಬೈಯೂದು ಅದರಾಗ. ಏಮಮ್ಮಾ, ನಿಂತ್ಕೊಂಡೇ ಇದ್ದೀರಿ, ಕೂಡ್ರಿ." ಅವರು ಒಂದು ಟೈರನ್ನು ಶಾಲಿನಿಂದ ಒರೆಸಿ ಮೃಣಾಲಿನಿಗೆ ಕೊಟ್ಟರು. ಶಾಲಿಗೆ ಜರಿ ಅಂಚಿತ್ತು.

"ಇದು ಸನ್ಮಾನದ ಶಾಲಲ್ವಾ?" ಎಂದಳು ಮೃಣಾಲಿನಿ.

"ಮದ್ರಾಸಿನಿಂದ ಒಂದು ಸಭಾದವರು ಬಂದು ಹೊದಿಸಿ ಹೋದ್ರು. ಹರಿಕಥೆಯವಗ ಹೊದಿಸಬೇಕಿತ್ತಂತ. ನಾ ಲಾರಿ ಕೆಳಗಿಂದ ಹೇಳೋದರೊಳಗ ಭಾಷಣ ಮುಗೀತು. ಅವನ ಮನಿ ಮುಂದ ವಾರಕ್ಕೊಂದು ಲಾರಿ ಬಂದು ನಿಲ್ತೇತಿ. ಮ್ಯಾಜಿಕ್‌ನವನ ಮನಿಗೆ ಕಣ್ಣು ಕಾಣ್ದವರು ಹೋಗತಾರ. ಅಂವ ಅವರ ಜೇಬಿನಾಗಿಂದ ಪಾರಿವಾಳ ತಗದು ಕಳಸ್ತಾನ."

"ಕಣ್ಣು ಕಾಣದವರು ಯಾಕೆ ಅಲ್ಲಿಗೆ?"

"ವೈಜಾಗಿನಾಗ ಇದೇ ಹೆಸರಿನ ಕಣ್ಣಿನ ಡಾಕ್ಟರ್ ಅದಾನಂತ. ತಿಂಗಳಿಗೊಮ್ಮೆ ಇಲ್ಲಿ ಬಂದು ಕ್ಯಾಂಪ್ ಮಾಡ್ತಾನಂತ. ನಾವಂತೂ ಮುಖ ನೋಡಿಲ್ಲ."

ರಮಾಕಾಂತ ಇನ್ನೊಂದು ಟೈರನ್ನು ಎಳೆದುಕೊಂಡು ಕೂತ. "ಅಲ್ರೀ, ಒಂದ ಮನೀಗೆ ನಾಲ್ಕು ಈಶ್ವರಯ್ಯ ಯಾಕ್ರೀ? ಹೆಸರಿಗೇನು ಬರ ಬಂದಿತ್ತೇನು?"

"ತಾತನ ಹೆಸರಪ್ಪಾ! ಹಿರೇ ಮೊಮ್ಮಗನಿಗೆ ತಾತನ ಹೆಸರು ಇಡಬೇಕು. ತಾತನಿಗೆ ನಾಲ್ಕು ಗಂಡಮಕ್ಕಳು. ನಮ್ಮಪ್ಪ ನನಗ ಇಟ್ಟ. ಎರಡನೆಯವ, ನನ್ನ ಮಗ ಏನು ಕಡಿಮಿ ಅಂದ. ಮೂರನೆಯವ, ನಾ ಏನು ದತ್ತು ಬಂದವನೇನು ಅಂದ. ತಾತ ಸ್ವತಃ ಹರಿಕಥೆ ಹೇಳ್ತಿದ್ದ, ಗಾರುಡಿ ಆಟ ಆಡ್ತಿದ್ದ, ಪಂಪ್‌ಸೆಟ್ ರಿಪೇರಿ ಮಾಡ್ತಿದ್ದ, ಕಣ್ಣಿಗೆ ಔಷಧಿ ಹಾಕ್ತಿದ್ದ. ಯಾವುದೂ ಪೂರಾ ಬರ್ತಿರಲಿಲ್ಲ. ಮೊಮ್ಮಕ್ಕಳು ಒಂದೊಂದು ಹಂಚ್ಕೊಂಡ್ವಿ."

"ಮನೇಲಿ ಹೇಗೆ ಕರೀತಿದ್ರು?" ಮೃಣಾಲಿನಿ ಕೇಳಿದಳು. "ಈಶ್ವರಯ್ಯಾ ಅಂದ್ರೆ ಎಲ್ರೂ ಓಡಿ ಬರ್ತಿದ್ರಾ?"

ಇಂಜಿನ್ ಈಶ್ವರಯ್ಯ ಗಲ್ಲ ಗಲ್ಲ ಬಡಿದುಕೊಂಡರು. "ಆ ಹೆಸರು ಹಿಡದು ಯಾರು ಕರೀತಾರಮ್ಮಾ! ನಮ್ಮ ತಾಯಂದ್ರು ಆ ಮನೀ ಸೊಸೆಯಂದ್ರು. ಮಾವನ ಹೆಸರು ಬಾಯಾಗ ಬರ್ತೇತೇನು? ನನಗ ಪೆದ್ದಬ್ಬಾಯಿ, ದೊಡ್ಡ ಹುಡುಗ ಅಂತಿದ್ರು. ಹರಿಕಥೆಯವ ಬುಜ್ಜಿ, ಮ್ಯಾಜಿಕ್‌ನವ ಚಂಟಿ. ಸಾಲಿಗೆ ಹಾಕಾಕ ಹೋದಾಗ ಮೇಷ್ಟ್ರು 'ಹುಡುಗನ ಹೆಸರೇನಮ್ಮಾ' ಅಂದ್ರ, ನಮ್ಮವ್ವ ಎದುರಿನ ಶಿವನ ಗುಡಿ ತೋರಿಸಿ ಕೈ ಮುಗಿದಳು. ಮೇಷ್ಟ್ರು ಗೋಪುರಂ ಅಂತ ಬರಕೊಂಡ್ರು. ಮೂರು ತಿಂಗಳು ನಾನು ಗೋಪುರಂ!"

ಮೃಣಾಲಿನಿ ಎರಡನೆಯ ಸಲ ನಕ್ಕಳು. ನಕ್ಕವಳು ಅರ್ಧಕ್ಕೇ ನಿಲ್ಲಿಸಿದಳು.

ರಮಾಕಾಂತ ಅವಳ ಮುಖವನ್ನೇ ನೋಡುತ್ತಿದ್ದ. "ಏನ್ರೀ ಮೇಡಮ್?"

"ಅವರು ನನ್ನ ನೋಡೋಕೆ ಬಂದ ದಿನ," ಎಂದಳು ನಿಧಾನವಾಗಿ, "ಅವರ ತಾಯಿ... ವರಾಂಡದಿಂದ ಕೂಗಿದ್ರು. 'ಈಶ್ವರಯ್ಯಾ, ಕಾಫಿ ಆರ್ತಿದೆ ಬಾರೋ' ಅಂತ. ಒಂದ್ಸಲ ಅಲ್ಲ. ಮೂರ್ನಾಲ್ಕು ಸಲ."

ಶೆಡ್ಡಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ರಮಾಕಾಂತನ ತಲೆಯೊಳಗೂ.

"ನಾಲ್ಕನೇ ಚಿಕ್ಕಪ್ಪನ ಕಥೀ ಏನ್ರೀ ಸಾಹುಕಾರ್ರ?"

"ಜಗನ್ಮೋಹನ್ ಚಿಕ್ಕಪ್ಪ. ಐವತ್ತೆಂಟರಾಗ ತಾತನ ಕೂಡ ಜಗಳಾಡಿ ವೈಜಾಗಿಗೆ ಹೋದ. ಪೋರ್ಟಿನಾಗ ನೌಕರಿ. ಅಲ್ಲೇ ಒಬ್ಬ ಕನ್ನಡದ ಹುಡುಗಿ ಮದಿವಿ ಆದ. ಗಂಡು ಹುಟ್ಟೇತಿ, ಅದಕ್ಕೂ ತಾತನ ಹೆಸರು ಇಟ್ಟಾನ ಅಂತ ಸುದ್ದಿ ಬಂತು. ಮುಂದ ಆರು ತಿಂಗಳಿಗೆ ಚಿಕ್ಕಪ್ಪ ಹೋಗೇಬಿಟ್ಟ. ಅಲ್ಲಿಗೆ ಹಗ್ಗ ಹರೀತು."

ರಮಾಕಾಂತ ಎದ್ದೇ ನಿಂತ. "ಸಿಕ್ತು! ಆ ಮನೀ ಸೊಸಿ ಮಗನ್ನ ಆ ಹೆಸರಿಂದ ಕರಿಯಂಗಿಲ್ಲ. ಈಕಿ ಕರದಾಳ. ಅಂದ್ರ ಈಕಿ ಸೊಸಿ ಅಲ್ಲ. ಸೊಸಿ ಅಲ್ಲ ಅಂದ್ರ ತಾಯಿ ಅಲ್ಲ. ತಾಯಿ ಸುಳ್ಳು ಅಂದ್ರ ಮಗಾ ಎಲ್ಲಿ ಖರೇ? ನಡೀರಿ ಮೇಡಮ್, ಹತ್ತಕ್ಕ ರೈಲೈತಿ!"

"ಒಂದ್ನಿಮಿಷ ಇರ್ರೀ. ಸಾರ್, ನಿಮ್ಮ ತಾತನಿಗೆ ಹೆಣ್ಣುಮಕ್ಕಳು..."

"ಹೆಣ್ಣಮಕ್ಕಳ ಲೆಕ್ಕ ಆಮ್ಯಾಲೆ ಮಾಡೂಣು!" ರಮಾಕಾಂತ ಅವಳ ಕೈಚೀಲ ಎತ್ತಿಕೊಂಡು ರಸ್ತೆಗಿಳಿದಾಗಿತ್ತು. ಇಂಜಿನ್ ಈಶ್ವರಯ್ಯ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಿಜವಾದ ಲಾರಿಯೊಂದು ನಿಜವಾಗಿಯೇ ಕೆಮ್ಮುತ್ತ ಬಂದು ನಿಂತಿತು. ಅವರು ಅದರ ಕಡೆ ತಿರುಗಿದರು.

ರೈಲಿನಲ್ಲಿ ರಾಜಮಂಡ್ರಿ ದಾಟುವವರೆಗೂ ರಮಾಕಾಂತ ತನ್ನ ಸಿದ್ಧಾಂತವನ್ನು ಕಟ್ಟಿ, ಕೆಡವಿ, ಮತ್ತೆ ಕಟ್ಟಿದ. ಹರಿಕಥೆಯವರ ದನಿಯಲ್ಲಿ ಅದನ್ನು ಹಾಡಿದ. ಮ್ಯಾಜಿಕ್‌ನವರ ದನಿಯಲ್ಲಿ "ಒನ್, ಟೂ, ತ್ರೀ, ತಾಯಿ ಮಾಯ!" ಎಂದ. ಎದುರು ಸೀಟಿನ ಮುದುಕರೊಬ್ಬರು ಚಪ್ಪಾಳೆ ತಟ್ಟಿ ಕಡಲೆಕಾಯಿ ಕೊಟ್ಟರು.

ಮೃಣಾಲಿನಿ ಕಿಟಕಿಯಾಚೆ ನೋಡುತ್ತಿದ್ದಳು.

"ಸುಳ್ಳು ಡಾಕ್ಟರ್ ಅಂತೀರಾ?"

"ಇರಬಹುದಲ್ರೀ."

"ನನ್ನ ನೋಡೋಕೆ ಬಂದೋರು ಎಲ್ರೂ ಹಾಡು ಬರುತ್ತಾ, ಅಡುಗೆ ಬರುತ್ತಾ ಅಂತ ಕೇಳಿದ್ರು. ಇವರು ಬಂದು ಕೂತು, 'ನಿಮ್ಮ ಕನ್ನಡಕದ ನಂಬರು ಸರಿಯಿಲ್ಲ, ತಲೆನೋವು ಬರುತ್ತಲ್ವಾ' ಅಂದ್ರು. ಮೂರು ವರ್ಷದಿಂದ ಇದ್ದ ತಲೆನೋವು ರೀ. ಹೊಸ ಕನ್ನಡಕ ಹಾಕ್ಕೊಂಡೆ, ಹೋಯ್ತು." ಅವಳು ಆ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದಳು. "ಚಿತ್ರದುರ್ಗದಿಂದ ನಮ್ಮಪ್ಪ ಸೂರ್ಯಪ್ರಕಾಶ್ ಅವರು ಇಪ್ಪತ್ತೆರಡು ಜನನ್ನ ಕಟ್ಕೊಂಡು ಹೊರಟಾಯ್ತು. ಬೆಳಿಗ್ಗೆ ಇಳೀತಾರೆ. ಅವರಿನ್ನೂ ಗಂಡಿನ ಕಡೆಯೋರ ಮುಖಾನೇ ನೋಡಿಲ್ಲ, ಎಲ್ಲಾ ಕಾಗದದಲ್ಲೇ ಆಗಿದ್ದು. ಅಷ್ಟರೊಳಗೆ ನನಗೆ ಗೊತ್ತಾಗಬೇಕು. ಅವರು ಯಾರ ಮಗ ಆದರೂ ಆಗಲಿ ರಮಾಕಾಂತ್, ಯಾವ ಈಶ್ವರಯ್ಯ ಆದರೂ ಆಗಲಿ. ಸುಳ್ಳು ಹೇಳೋರು ಮಾತ್ರ ಆಗಬಾರದು. ಸುಳ್ಳು ಹೇಳಿದ್ರೆ ನಾಳೆ ತಾಂಬೂಲ ಇಲ್ಲ."

ರಮಾಕಾಂತ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದ. ಅವನಿಗೆ ಆ ಹೊತ್ತಿಗೆ ಯಾರ ದನಿಯೂ ನೆನಪಾಗಲಿಲ್ಲ.

ವಿಶಾಖಪಟ್ಟಣದ ಅಂಚಿನ ಪೆಂದುರ್ತಿಯ ಹೊಸ ಬಡಾವಣೆಯಲ್ಲಿದ್ದ ಡಾಕ್ಟರರ ಮನೆಯನ್ನು ಮುಟ್ಟುವಾಗ ಸಂಜೆ ಆರು. ಬೀದಿಯ ತುದಿಗೇ ಬೆಲ್ಲದ ಪಾಕದ ವಾಸನೆ ಬಂತು. ಒಳಗೆ ಡಾಕ್ಟರರ ತಾಯಿ ರಾಜ್ಯಲಕ್ಷ್ಮಮ್ಮ ಎಣ್ಣೆ ಬಾಣಲೆಯ ಮುಂದೆ ಕೂತು ನಾಳೆಗೆಂದು ಅರಿಸೆಲು, ಅಂದರೆ ನಮ್ಮ ಕಜ್ಜಾಯ, ಕರಿಯುತ್ತಿದ್ದರು.

"ಅಯ್ಯೋ, ಏಮ್ಮಾ! ನಾಳೆ ತಾಂಬೂಲ ಇಟ್ಕೊಂಡು ಇವತ್ತೇ ಬಂದ್ಯಾ? ಹುಡುಗಿ ಹಾಗೆ ಬರಬಾರದಮ್ಮಾ. ಬಂದಿದ್ದಾಯ್ತು, ಕೂತ್ಕೋ. ಈ ಬಾಬು ಯಾರು?"

"ನಮ್ಮ ಬ್ಯಾಂಕಿನೋರು."

"ಕೂತ್ಕೋ ಬಾಬೂ. ತಿಂತೀಯಾ? ಇನ್ನೂ ಬಿಸಿ ಇದೆ. ನಮ್ಮ ಈಶ್ವರಯ್ಯ ಆಸ್ಪತ್ರೆಯಿಂದ ಬರೋ ಹೊತ್ತಾಯ್ತು."

ರಮಾಕಾಂತ ಮೃಣಾಲಿನಿಯ ಕಡೆ ಹುಬ್ಬು ಹಾರಿಸಿದ. ನೋಡಿದ್ರೇನ್ರೀ ಎಂಬ ಹುಬ್ಬು. ಒಂದು ಕಜ್ಜಾಯ ಬಾಯಿಗಿಟ್ಟುಕೊಂಡ, ಅಪರಾಧಿಯ ಕೈಯ ತಿಂಡಿ ತಿನ್ನಬಾರದೆಂದು ನೆನಪಾಯಿತು. ಆಗಲೇ ನುಂಗಿಯಾಗಿತ್ತು. ಇನ್ನೊಂದು ತೆಗೆದುಕೊಂಡ.

"ಅಮ್ಮಾರ, ಒಂದು ಸಣ್ಣ ಮಾತು. ನಮ್ಮ ಕಡೆ ತಾಂಬೂಲದ ಪತ್ರದಾಗ ಗಂಡಿನ ತಾತನ ಹೆಸರೂ ಬರಿತಾರ್ರೀ. ನಿಮ್ಮ ಮಾವನವರ ಹೆಸರೇನ್ರೀ?"

"ಗುಡಿಮೆಟ್ಲ ಈಶ್ವರಯ್ಯಗಾರು. ಬರ್ಕೋ." ಜಾಲರಿ ಸೌಟಿನಿಂದ ಎರಡು ಕಜ್ಜಾಯ ಎತ್ತಿ ಎಣ್ಣೆ ಹಿಂಡುತ್ತ ರಾಜ್ಯಲಕ್ಷ್ಮಮ್ಮ ಹೇಳಿದರು. "ವಿಜಯವಾಡದ ಈಶ್ವರಯ್ಯ ಅಂದ್ರೆ ಎಲ್ಲಾರಿಗೂ ಗೊತ್ತು."

ರಮಾಕಾಂತ ನಿಂತ. ಇಂಥ ಗಳಿಗೆಗೆಂದೇ ಅವನು ಏಳು ತಾಸು ರೈಲಿನಲ್ಲಿ ತಾಲೀಮು ಮಾಡಿದ್ದ. ಮೊದಲು ಹರಿಕಥೆಯ ದನಿಯಲ್ಲಿ, "ಸಿಕ್ಕಿಬಿದ್ದಳೋ ಸಿಕ್ಕಿಬಿದ್ದಳು!" ಎಂದು ರಾಗ ಎಳೆದ. ಮ್ಯಾಜಿಕ್‌ನವರ ದನಿಯಲ್ಲಿ ಗಾಳಿಯಿಂದ ಏನನ್ನೋ ತೆಗೆದ. ಇಂಜಿನ್ನಿನ ದನಿಯಲ್ಲಿ ಗುಡುಗಿದ: "ಮಾವನ ಹೆಸರು ಹೇಳಿದ್ರಿ! ಆ ಮನೀ ಸೊಸಿ ಒಬ್ಬಾಕಿನೂ ಆ ಹೆಸರು ಬಾಯಾಗ ತಂದಿಲ್ಲ! ಗುಡಿ ತೋರಿಸಿ ಕೈ ಮುಗದಾರ! ನೀವು ಆ ಮನೀ ಸೊಸಿ ಅಲ್ಲ!"

ರಾಜ್ಯಲಕ್ಷ್ಮಮ್ಮ ಜಾಲರಿ ಹಿಡಿದುಕೊಂಡೇ ಅವನನ್ನು ನೋಡಿದರು. "ಈ ಬಾಬುಗೆ ಏನಾಗಿದೆಯಮ್ಮಾ? ಪಾಕ ಹೆಚ್ಚಾಯ್ತಾ?"

"ಹೇಳ್ರೀ! ಖರೇ ಡಾಕ್ಟರ್ ಎಲ್ಲೆದಾನ? ಯಾರು ನಿಮ್ಮನ್ನ ತಾಯಿ ಅಂತ ಕೂಡಿಸಿದ್ರು? ಎಷ್ಟು ದಿನದಿಂದ..."

"ರಮಾಕಾಂತ್, ಸುಮ್ನಿರಿ."

ಮೃಣಾಲಿನಿ ಒಲೆಯ ಮುಂದೆ, ನೆಲದ ಮೇಲೆ, ರಾಜ್ಯಲಕ್ಷ್ಮಮ್ಮನವರ ಎದುರಿಗೇ ಕೂತಿದ್ದಳು. ಒಲೆಯ ಉರಿಯನ್ನು ತಾನೇ ಸಣ್ಣಗೆ ಮಾಡಿದಳು.

"ಅಮ್ಮಾ, ನೀವು ಆ ಮನೆಯ ಸೊಸೆ ಅಲ್ಲ. ಮಗಳು. ಅಲ್ವಾ? ಮಗಳಾದರೆ ಅಪ್ಪನ ಹೆಸರು ಹೇಳಬಹುದು."

ಬಾಣಲೆಯಲ್ಲಿ ಒಂದು ಕಜ್ಜಾಯ ಕಪ್ಪಾಗತೊಡಗಿತು. ಯಾರೂ ತಿರುವಿ ಹಾಕಲಿಲ್ಲ.

ರಮಾಕಾಂತ ತೆರೆದ ಬಾಯಿ ಮುಚ್ಚದೆ ನಿಂತ. ಹೆಣ್ಣುಮಕ್ಕಳ ಲೆಕ್ಕ ಆಮೇಲೆ ಮಾಡೋಣ ಎಂದವನು ಅವನೇ. ಆ ಲೆಕ್ಕವನ್ನು ಇವಳು ರೈಲಿನುದ್ದಕ್ಕೂ ಕಿಟಕಿಯಾಚೆ ನೋಡುತ್ತ ಮಾಡಿಕೊಂಡು ಬಂದಿದ್ದಳು.

"ನಿಮ್ಮ ಕನ್ನಡನೂ ಹಾಗೇ ಇದೆ," ಎಂದಳು ಮೃಣಾಲಿನಿ. "ಹುಟ್ಟಿದ ಮನೆಯ ಕನ್ನಡ ಅಲ್ಲ. ಯಾರಿಂದಲೋ ಕಲಿತದ್ದು. ಒಳ್ಳೆ ಕನ್ನಡ, ನಮ್ಮ ದುರ್ಗದ ಕಡೆಯದು. ಯಾರು ಕಲಿಸಿದ್ರು?"

ರಾಜ್ಯಲಕ್ಷ್ಮಮ್ಮ ಜಾಲರಿಯನ್ನು ಪಕ್ಕಕ್ಕಿಟ್ಟರು. ಒಂದು ಕೈಯಿಂದ ಇನ್ನೊಂದು ಕೈಯ ಹಿಟ್ಟು ಕೆರೆಯುತ್ತ ಕೂತರು.

"ಹೈಮಾವತಿ," ಎಂದರು. "ನನ್ನ ತಮ್ಮ ಜಗನ್ಮೋಹನನ ಹೆಂಡತಿ. ನನ್ನ ಗಂಡ ಹೋದ ಮೇಲೆ ನಾನು ತಮ್ಮನ ಹತ್ರ ಬಂದು ಇದ್ದೆ. ನಾನೂ ಅವಳೂ ಎರಡು ವರ್ಷ ಒಂದೇ ಅಡುಗೆಮನೆ. ಅವಳಿಗೆ ತೆಲುಗು ಬರಲ್ಲ, ನನಗೆ ಕನ್ನಡ ಬರಲ್ಲ. ಉಪ್ಪು ಬೇಕು ಅಂದ್ರೆ ಸಕ್ಕರೆ ಕೊಡ್ತಿದ್ದೆ. ಹಾಗೇ ಕಲಿತೆ."

"ಅವರು ಎಲ್ಲಿ?"

"ನನ್ನ ತಮ್ಮ ಸತ್ತ ಹದಿನಾರನೇ ದಿನ ಅವಳ ಊರಿನ ಕಡೆಯೋರು ಯಾರೋ ಬಂದರಮ್ಮಾ. ಬಾಗಿಲಲ್ಲೇ ಜಗಳ. ಅವಳನ್ನ ಕರ್ಕೊಂಡು ಹೋದರು, ಮಗುವನ್ನ ಬಿಟ್ಟು ಹೋದರು. ತೆಲುಗರ ಕೂಸು ನಮಗ್ಯಾಕೆ ಅಂದರು. ಅವಳು ಬಿಟ್ಟು ಹೋದಳೋ, ಬಿಡಿಸಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಮಾತು ಬಂದ ಮೊದಲ ದಿನ ಅವನು ನನ್ನ ನೋಡಿ ಅಮ್ಮ ಅಂದ. 'ಅಲ್ಲ ಕಣೋ, ನಾನು ಅತ್ತೆ' ಅನ್ನಬೇಕಿತ್ತು. ಅನ್ನಲಿಲ್ಲ. ಮಾರನೇ ದಿನ ಹೇಳೋಣ ಅಂದ್ಕೊಂಡೆ. ಇಪ್ಪತ್ತೇಳು ವರ್ಷ ಆಯ್ತು."

"ಡಾಕ್ಟರಿಗೆ ಗೊತ್ತಿಲ್ವಾ?"

"ಗೊತ್ತಾದ್ರೆ ನಾಳೆಯಿಂದ ನನ್ನ ಏನಂತ ಕರೀತಾನಮ್ಮಾ?"

ಬಾಣಲೆಯ ಕಜ್ಜಾಯ ಹೊಗೆಯಾಡುತ್ತಿತ್ತು. ರಮಾಕಾಂತ ಬಗ್ಗಿ ಅದನ್ನು ಮೆಲ್ಲಗೆ ಎತ್ತಿ ಹಾಕಿದ. ಪತ್ತೇದಾರನಾಗಿ ಆ ಸಂಜೆ ಅವನು ಮಾಡಿದ ಉಪಯುಕ್ತ ಕೆಲಸ ಅದೊಂದೇ.

"ಅಮ್ಮ ಅಂತಲೇ ಕರೀತೇನೆ. ಇನ್ನೇನು ಕರೀಲಿಕ್ಕೆ ಆಗ್ತದೆ?"

ಮೂವರೂ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ಡಾಕ್ಟರ್ ಈಶ್ವರಯ್ಯ ನಿಂತಿದ್ದ. ಬೆವರಿಗೆ ಶರಟು ಅಂಟಿತ್ತು, ಎರಡು ಕೈಗೂ ಗ್ರೀಸು.

"ಸ್ಕೂಟರ್ ಕೆಟ್ಟಿತು ಅಂಡಿ. ವೇಪಗುಂಟದಿಂದ ತಳ್ಳಿಕೊಂಡು ಬಂದೆ. ಅದಕ್ಕೆ ಶಬ್ದ ಕೇಳಲಿಲ್ಲ ನಿಮಗೆ." ಅವನು ರಾಜ್ಯಲಕ್ಷ್ಮಮ್ಮನ ಪಕ್ಕ ನೆಲದ ಮೇಲೆ ಕೂತ. "ಅಮ್ಮಾ, ಏಡವಕು. ಅಳಬೇಡ. ನನಗೆ ನಾಲ್ಕು ವರ್ಷದಿಂದ ಗೊತ್ತು. ಪಾಸ್‌ಪೋರ್ಟಿಗೆ ಅಂತ ಜನನದ ದಾಖಲೆ ತೆಗೆಸಿದೆ ನೋಡು, ತಾಯಿ ಹೆಸರು ಹೈಮಾವತಿ ಅಂತ ಇತ್ತು."

"ಮತ್ತೆ ನನ್ನ ಕೇಳಲಿಲ್ಲ?"

"ನಾನು ಕೇಳಿದ್ರೆ ನೀನು ಅಳ್ತೀಯ. ಹೆಣ್ಣಿನ ಕಡೆಯೋರು ಕೇಳಿದ್ರೆ ಅದು ವಿಚಾರಣೆ. ಮದುವೆಗೆ ಮುಂಚೆ ಎಲ್ಲಾರೂ ಕೇಳೋದೇ ಅಲ್ವಾ? ಅದಕ್ಕೆ..." ಅವನು ಮೃಣಾಲಿನಿಯ ಕಡೆ ತಿರುಗಿದ. ಗ್ರೀಸಿನ ಕೈಗಳನ್ನೇ ಜೋಡಿಸಿದ. "ಆ ಪತ್ರ ನಾನೇ ಟೈಪ್ ಮಾಡಿದ್ದು ಅಂಡಿ. ಕ್ಯಾಂಪಿಗೆ ಹೋದಾಗ ವಿಜಯವಾಡ ಸ್ಟೇಷನ್‌ನಲ್ಲಿ ಹಾಕಿದೆ. ಸಾರಿ."

ರಮಾಕಾಂತ ಗೋಡೆಗೆ ಒರಗಿ ಜಾರಿ ಕೂತ. ಎರಡು ಊರು, ಮೂರು ಈಶ್ವರಯ್ಯ, ಒಂದು ದ್ರೌಪದಿ ಸ್ವಯಂವರ! ಅಪರಾಧಿ ತನ್ನ ಮೇಲೆ ತಾನೇ ದೂರು ಕೊಟ್ಟುಕೊಂಡಿದ್ದ.

"ಐದು ದಿನ ರೀ," ಎಂದಳು ಮೃಣಾಲಿನಿ. "ಐದು ದಿನ ನಾನು ನಿದ್ದೆ ಮಾಡಿಲ್ಲ. ನಿಮ್ಮ ತಾಯಿಯನ್ನ ಒಂದು ಮಾತು ಕೇಳೋಕೆ ನಿಮಗೆ ಧೈರ್ಯ ಇಲ್ಲ, ನನ್ನ ಹೆದರಿಸೋಕೆ ಇದೆಯಾ?"

"ಬೈಯಿರಿ."

"ಬೈತೀನಿ. ಜನ್ಮ ಪೂರ್ತಿ ಬೈತೀನಿ. ಇನ್ನೂ ಏನಾದ್ರೂ ಮುಚ್ಚಿಟ್ಟಿದ್ದೀರಾ? ಈಗಲೇ ಹೇಳಿಬಿಡಿ. ನಾನು ಏನನ್ನಾದ್ರೂ ತಡ್ಕೋತೀನಿ, ಸುಳ್ಳನ್ನ ತಡ್ಕೊಳ್ಳಲ್ಲ."

'ಜನ್ಮ ಪೂರ್ತಿ' ಎಂಬ ಮಾತು ರಾಜ್ಯಲಕ್ಷ್ಮಮ್ಮನ ಕಿವಿಗೆ ಬಿದ್ದಿತ್ತು. ಅವರು ಅಳುತ್ತಲೇ ಒಲೆಯ ಉರಿ ಏರಿಸಿ ಹೊಸ ಕಜ್ಜಾಯ ತಟ್ಟತೊಡಗಿದರು.

"ಒಂದಿದೆ," ಎಂದ ಡಾಕ್ಟರ್. "ದಾಖಲೆಯಲ್ಲಿ ಹೈಮಾವತಿಯವರ ಊರೂ ಇತ್ತು. ಕಳೆದ ವಾರ ಆ ವಿಳಾಸಕ್ಕೆ ನಮ್ಮ ನಾಳೆಯ ತಾಂಬೂಲದ ಕಾರ್ಡು ಕಳಿಸಿದೆ. ಸುಮ್ಮನೆ, ಬದುಕಿದ್ದಾರಾ ನೋಡೋಣ ಅಂತ." ಅವನು ಶರಟಿನ ಜೇಬಿನಿಂದ, ಗ್ರೀಸು ತಾಗದ ಹಾಗೆ ಎರಡು ಬೆರಳಲ್ಲಿ, ಒಂದು ನೀಲಿ ಇನ್‌ಲ್ಯಾಂಡ್ ಪತ್ರ ತೆಗೆದ. "ಇವತ್ತು ಮಧ್ಯಾಹ್ನ ಆಸ್ಪತ್ರೆಗೆ ಬಂತು. ನನಗೆ ಕನ್ನಡ ಮಾತು ಬರ್ತದೆ, ಓದಲಿಕ್ಕೆ ಬರಲ್ಲ. ಅಮ್ಮನಿಗೂ ಬರಲ್ಲ. ಊರವರಿಂದೆಲ್ಲ ಕಣ್ಣಿನ ಚಾರ್ಟು ಓದಿಸ್ತೇನೆ ನಾನು, ಮೇಲಿಂದ ಕೆಳಗೆ, ದೊಡ್ಡಕ್ಷರ ಸಣ್ಣಕ್ಷರ. ಇದನ್ನ ನೀವೇ ಓದಬೇಕು."

ಮೃಣಾಲಿನಿ ಪತ್ರ ತೆರೆದಳು. ಓದುತ್ತ ಹೋದಳು. ಅವಳ ಕಣ್ಣು ನಾಲ್ಕನೆಯ ಸಾಲಿಗೆ ಬಂದು ನಿಂತಿತು.

ರಮಾಕಾಂತ ಅವಳ ಹೆಗಲ ಮೇಲಿಂದ ಇಣುಕಿದ. ಪತ್ತೇದಾರನ ಹಕ್ಕು ಎಂದುಕೊಂಡ. ಇಣುಕಿದ ಮೇಲೆ, ಇಣುಕಬಾರದಿತ್ತು ಎಂದುಕೊಂಡ. ನಡುಗುವ ಕೈಬರಹದಲ್ಲಿ ಹೀಗಿತ್ತು:

*ಮಗನೇ, ನಿನ್ನ ಕಾರ್ಡು ತಲುಪಿತು. ಹುಡುಗಿಯ ತಂದೆಯ ಹೆಸರು ಸೂರ್ಯಪ್ರಕಾಶ ಎಂದು ಅದರಲ್ಲಿದೆ. ಆ ಹೆಸರಿನವರು ಲೋಕದಲ್ಲಿ ನೂರಾರು ಜನ ಇರಬಹುದು. ಆದರೆ ಈತ ನನಗೆ ಗೊತ್ತಿರುವ ಸೂರ್ಯಪ್ರಕಾಶನೇ ಆಗಿದ್ದರೆ, ನಿನ್ನನ್ನು ನನ್ನ ಮಡಿಲಿನಿಂದ ಬಿಡಿಸಿ ನನ್ನನ್ನು ಎಳೆದೊಯ್ದವನು ಆತನೇ. ಭಾನುವಾರ ಬೆಳಿಗ್ಗೆ ಬರುತ್ತೇನೆ. ನಾನು ಅವನ ಮುಖ ನೋಡುವವರೆಗೆ ತಾಂಬೂಲದ ತಟ್ಟೆ ಮುಟ್ಟಬೇಡ.*

"ಏನಂತೆ?" ಎಂದ ಡಾಕ್ಟರ್ ಈಶ್ವರಯ್ಯ. ಅವನ ಮುಖ ಮಗುವಿನದಾಗಿತ್ತು. "ಏನು ಬರೆದಿದ್ದಾರೆ?"

ರಾಜ್ಯಲಕ್ಷ್ಮಮ್ಮ ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ತಲೆಯೆತ್ತಿದರು.

ಮೃಣಾಲಿನಿ ಪತ್ರವನ್ನು ಮಡಿಚಿದಳು. ಮತ್ತೊಮ್ಮೆ ಮಡಿಚಿದಳು. ಕೈಚೀಲದೊಳಗಿಟ್ಟು ಜಿಪ್ ಎಳೆದಳು.

"ಆಶೀರ್ವಾದ," ಎಂದಳು. "ಆಶೀರ್ವಾದ ಬರೆದಿದ್ದಾರೆ."